ಸವೆಯದ ಚಪ್ಪಲಿ

ಮಾವನ ಚಪ್ಪಲಿ ಸವೆದೇ ಇಲ್ಲ ಎಂಬುದು ಇಮ್ತಿಯಾಝನ ಕಣ್ಣಿಗೆ ಬಿದ್ದದ್ದು ಮೂಡುಬಿದಿರೆಯ ಡಾಕ್ಟರಮ್ಮನ ಕ್ಲಿನಿಕ್ಕಿನ ಮೆಟ್ಟಿಲ ಬಳಿ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಹಾಕಿದ್ದರು. ಅವನು ಬಗ್ಗಿ ಮಾವನ ಕಾಲಿನಿಂದ ಚಪ್ಪಲಿ ಬಿಡಿಸುವಾಗ ಎಡಗಾಲಿನದ್ದು ಮಗುಚಿ ಬಿತ್ತು. ತಳದ ಗೆರೆಗಳು, ನಡುವೆ ಕಂಪೆನಿಯ ಹೆಸರು, ಹಿಮ್ಮಡಿಯ ಹತ್ತಿರ ನಂಬರು, ಎಲ್ಲ ಪೆಟ್ಟಿಗೆಯಿಂದ ಈಗ ತೆಗೆದ ಹಾಗೆ ಇದ್ದವು. ಹೋದ ವರ್ಷದ ರಂಝಾನ್ ಹಬ್ಬಕ್ಕೆ ಅವನೇ ಅಂಗಡಿಯಿಂದ ತಂದು ಕೊಟ್ಟ ಚಪ್ಪಲಿ. ಆಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿತ್ತು. ಸುತ್ತ ಬೇರೆ ರೋಗಿಗಳ ಚಪ್ಪಲಿಗಳು ಹಿಮ್ಮಡಿಯಲ್ಲಿ ತೆಳುವಾಗಿ, ಪಟ್ಟಿ ಕಿತ್ತು, ಪಿನ್ನು ಚುಚ್ಚಿಸಿಕೊಂಡು, ಕೆಸರು ಒಣಗಿಸಿಕೊಂಡು ಬಿದ್ದಿದ್ದವು. ರೋಗಿಗಳೇ ಆದರೂ ಅವರೆಲ್ಲ ಎಲ್ಲಿಗೋ ಹೋಗಿ ಬಂದವರು. ಇಮ್ತಿಯಾಝ್ ಆ ಚಪ್ಪಲಿಯನ್ನು ಬೇಗ ತಿರುಗಿಸಿ ಇಟ್ಟ, ಯಾರಾದರೂ ನೋಡಿಯಾರು ಎಂಬಂತೆ. ಯಾರೂ ನೋಡಿರಲಿಲ್ಲ. ಆಟೋದಲ್ಲಿ ಕೂತು ಬೀಡಿ ಹಚ್ಚುತ್ತಿದ್ದ ಶೇಷಪ್ಪ ಮಾತ್ರ ಈ ಕಡೆ ತಿರುಗಿ ಮಾವನನ್ನು ತೋರಿಸುತ್ತಾ, ಆಸ್ಪತ್ರೆಗೆ ಬರುವವರಲ್ಲಿ ನಮ್ಮ ಬ್ಯಾರಿಗಳಷ್ಟು ಸುಖದವರು ಯಾರೂ ಇಲ್ಲ, ಚಪ್ಪಲಿ ಬಿಡಿಸ್ಲಿಕ್ಕೂ ಅಳಿಯ ಉಂಟು ಎಂದು ನಕ್ಕ. ಮಾವನೂ ನಕ್ಕರು. ಅವರು ಈಗ ಯಾರು ನಕ್ಕರೂ ಜೊತೆಗೆ ನಗುತ್ತಿದ್ದರು.

ಬೆಂಚಿನಲ್ಲಿ ಕೂತ ಮೇಲೆ ಮಾವ ಅಬ್ದುಲ್ ನಾಸಿರ್ ಎದುರಿಗಿದ್ದವರ ಕಾಲುಗಳನ್ನು ನೋಡತೊಡಗಿದರು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚಪ್ಪಲಿ ಅಂಗಡಿ ಇಟ್ಟು ಪ್ರಾಯವನ್ನೆಲ್ಲ ಅಲ್ಲೇ ಕಳೆದ ಮನುಷ್ಯ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವರ ಕೈ ಸರಿಯಾದ ಪೆಟ್ಟಿಗೆಯ ಕಡೆ ಹೋಗುತ್ತಿತ್ತು. ಊರವರ ಹೆಸರುಗಳು ನೆನಪಿನಿಂದ ಉದುರಲು ಸುರುವಾದ ಮೇಲೆಯೂ ಕಾಲುಗಳು ಉಳಿದಿದ್ದವು. ಮೊನ್ನೆ ಮನೆಗೆ ಬಂದ ತಂಗಿಯ ಗುರುತು ಸಿಗದೆ ಅವಳ ಪಾದವನ್ನೇ ನೋಡುತ್ತಾ ಕೂತು, ಆಮೇಲೆ ಬೆಳಗಿದ ಮುಖದಲ್ಲಿ, ಬೀಯಮ್ಮ ಅಲ್ವಾ, ಬಂಟ್ವಾಳದಿಂದ ಬಸ್ಸಿನಲ್ಲಿ ಬಂದದ್ದಾ ಎಂದಿದ್ದರು. ಬೀಯಮ್ಮ ಸೆರಗಿನಿಂದ ಬಾಯಿ ಮುಚ್ಚಿ ಅಡುಗೆಮನೆಗೆ ಓಡಿದ್ದಳು. ಅವತ್ತೇ ಅತ್ತೆ ಸೈನಬ ಮಗಳು ಶಬ್ನಾಳನ್ನು ಕರೆದು, ಈ ಸಲ ಬಿ.ಪಿ. ನೋಡಿಸಿಕೊಂಡು ಬಂದರೆ ಸಾಲದು, ತಲೆಗೆ ಏನಾಗಿದೆ ಅಂತ ಕೇಳಿಕೊಂಡು ಬರಲಿಕ್ಕೆ ನಿನ್ನ ಗಂಡನಿಗೆ ಹೇಳು ಎಂದದ್ದು. ಅತ್ತೆ ಅವನೊಡನೆ ನೇರವಾಗಿ ಮಾತಾಡುವುದು ಕಡಿಮೆ. ಮದುವೆಯಾಗಿ ಏಳು ವರ್ಷವಾದರೂ ಅವನು ಆ ಮನೆಗೆ ಪುದಿಯಾಪ್ಳೆಯೇ, ಹೊಸ ಮದುಮಗ. ಬಾಗಿಲ ಪರದೆಯ ಹಿಂದಿನಿಂದ ಅವನ ಊಟ ಬರುತ್ತಿತ್ತು. ಮೀನಿನ ನಡುತುಂಡು ಅವನಿಗೆ, ಕೋಳಿಯ ಕಾಲು ಅವನಿಗೆ, ಅಕ್ಕಿಯ ಪತ್ತಿರಿ ರೊಟ್ಟಿಯಲ್ಲಿ ತೆಳುವಾದದ್ದು ಆರಿಸಿ ಅವನಿಗೆ.

ಆ ಮೀನಿನ ತುಂಡು. ಸೌದಿಯ ದಮ್ಮಾಮಿನ ಕೆಲಸ ಹೋಗಿ, ಅವನು ಒಂದು ರೆಕ್ಸಿನ್ ಚೀಲ ಹಿಡಿದುಕೊಂಡು ಬಂದು ಹೆಂಡತಿಯ ಮನೆಯಲ್ಲಿ ಇಳಿದ ದಿನವೂ ಅಂಥದೇ ಒಂದು ತುಂಡು ತಟ್ಟೆಯಲ್ಲಿತ್ತು. ಬೆಳ್ತಂಗಡಿ ಕಡೆಯ ತನ್ನ ಮನೆಯಲ್ಲಿ ಅಣ್ಣಂದಿರು ಜಾಗ ಹಂಚಿಕೊಂಡು ಆಗಿತ್ತು, ಅವನು ಕೇಳಲಿಲ್ಲ, ಅವರು ಕರೆಯಲಿಲ್ಲ. ಒಂದು ತಿಂಗಳು ಎಂದು ಬಂದವನು ಉಳಿದುಬಿಟ್ಟ. ಯಾರೂ ಏನೂ ಹೇಳಲಿಲ್ಲ. ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈದು ಎದ್ದು ಹೋಗಬಹುದಿತ್ತು. ಗಳಿಕೆ ಇಲ್ಲದ ಗಂಡಸಿಗೆ ದಿನವೂ ನಡುತುಂಡು ಬಡಿಸುವ ಮನೆಯಿಂದ ಯಾವ ಕಾರಣ ಹೇಳಿ ಎದ್ದು ಹೋಗುವುದು? ಅವನು ಮಾವನ ಹಿಂದೆ ಅಂಗಡಿಗೆ ಹೋಗಿ ಕೂರತೊಡಗಿದ. ಬೆಳಗಿನ ಸುಬಹಿ ನಮಾಝ್ ಮುಗಿಸಿ ಮಾವ ಮನೆಯಿದ್ದ ಪುತ್ತಿಗೆಯಿಂದ ಗದ್ದೆಯ ಹುಣಿಯ ಬದುವಿನ ಮೇಲೆ ನಡೆದೇ ಪೇಟೆಗೆ ಹೋಗುವವರು. ಇಮ್ತಿಯಾಝ್ ಹಿಂದಿನಿಂದ ಏದುಸಿರು ಬಿಡುತ್ತಾ ಹೋಗುವಾಗ ಅವರು ತಿರುಗಿ ನೋಡದೆ, ಸೌದಿಯಲ್ಲಿ ಎಲ್ಲದಕ್ಕೂ ಕಾರು, ಅಲ್ವಾ ಎನ್ನುತ್ತಿದ್ದರು. ಅಂಗಡಿಯಲ್ಲಿ ಅವನಿಗೆ ಒಂದು ಮರದ ಸ್ಟೂಲು. ಗಿರಾಕಿಗಳಿಗೆ ಮಾವ ಪರಿಚಯ ಮಾಡಿಕೊಡುತ್ತಿದ್ದರು, ನಮ್ಮ ಅಳಿಯ, ಸೌದಿಯಲ್ಲಿದ್ದವರು, ಈಗ ರಜೆಯಲ್ಲಿ ಬಂದದ್ದು. ಎರಡು ವರ್ಷದ ರಜೆ. ಕಾಲೇಜಿನ ಹುಡುಗರು ಶೂ ಹಾಕಿ ನೋಡುವಾಗ ಅವನು ಅವರ ಎದುರು ಕುಕ್ಕರಗಾಲಿನಲ್ಲಿ ಕೂತು ದಾರ ಕಟ್ಟುತ್ತಿದ್ದ.

ಒಳಗಿನಿಂದ ಹೆಸರು ಕರೆದರು. ಮಾವ ಏಳಲಿಲ್ಲ. ತನ್ನ ಹೆಸರು ಯಾರದೋ ಹೆಸರೆಂಬಂತೆ ಅತ್ತಿತ್ತ ನೋಡಿದರು. ಅವನು ತೋಳು ಹಿಡಿದು ಎಬ್ಬಿಸಿದ. ತೊಡೆಗಳು ನಡುಗಿದವು. ಬಿಳಿ ಮುಂಡಿನೊಳಗೆ ಆ ಕಾಲುಗಳು ಎಷ್ಟು ಸಣ್ಣಗಾಗಿವೆ ಎಂಬುದು ಅವನಿಗೆ ಗೊತ್ತಿತ್ತು. ಶುಕ್ರವಾರ ಸ್ನಾನ ಮಾಡಿಸುವುದು ಅವನೇ. ಗದ್ದೆ ದಾಟುವಾಗ ಅವನ ಕಣ್ಣೆದುರು ಕಪ್ಪು ಹಗ್ಗದ ಹಾಗೆ ಗಂಟುಕಟ್ಟಿ ಹೋಗುತ್ತಿದ್ದ ಮೀನಖಂಡವನ್ನು ಈಗ ಬೆರಳಿನಲ್ಲಿ ಹಿಡಿದರೆ ಚರ್ಮ ಮಾತ್ರ ಬರುತ್ತಿತ್ತು.

ಡಾಕ್ಟರಮ್ಮ ಹೊಸಬಳು, ಸಣ್ಣ ಪ್ರಾಯದವಳು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು, ಬಿ.ಪಿ. ನೋಡಿದಳು, ಕಾಲಿನ ಬಾವು ಒತ್ತಿ ನೋಡಿದಳು. ಆಮೇಲೆ ಮನೆಯವರು ಹೇಳಿದ್ದನ್ನು ಇಮ್ತಿಯಾಝ್ ಹೇಳಿದಾಗ ಪೆನ್ನು ಕೆಳಗಿಟ್ಟು ಮಾವನ ಕಡೆ ತಿರುಗಿದಳು. ಇವತ್ತು ಯಾವ ವಾರ ಎಂದು ಕೇಳಿದಳು. ಮಾವ ಅಳಿಯನನ್ನು ನೋಡಿದರು. ಈಗ ಮಳೆಗಾಲವಾ, ಬೇಸಿಗೆಯಾ ಎಂದಳು. ಮಾವ ಕಿಟಕಿ ನೋಡಿದರು, ಕಿಟಕಿಗೆ ಪರದೆ ಇತ್ತು. ಮೂರು ಶಬ್ದ ಹೇಳ್ತೇನೆ, ನೆನಪಿಟ್ಟು ಆಮೇಲೆ ಹೇಳಬೇಕು, ತೆಂಗಿನಕಾಯಿ, ಬಸ್ಸು, ಕೊಡೆ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಮಾವ ಮೇಜಿನ ಅಡಿಗೆ ಬಗ್ಗಿ ಅವಳ ಕಾಲು ನೋಡಿ, ತುಂಬ ಖಾತ್ರಿಯಿಂದ ಹೇಳಿದರು:

"ಆರು. ನಿಮ್ಮದು ಅಗಲ ಕಾಲು, ಆರರಲ್ಲಿ ಮುಂದೆ ಕಚ್ಚುತ್ತದೆ. ಏಳು ಹಾಕಿ."

ಅವಳಿಗೆ ನಗು ಬಂತು, ಆದರೆ ನಗಲಿಲ್ಲ. ಇಮ್ತಿಯಾಝನಿಗೆ ನಾಚಿಕೆಯಾಯಿತು, ಯಾರ ಪರವಾಗಿ ಎಂದು ಅವನಿಗೇ ತಿಳಿಯಲಿಲ್ಲ. ಮಾವ ಚಪ್ಪಲಿ ಅಂಗಡಿಯವರು ಎಂದು ವಿವರಿಸಿದ. ಈಗ ಹೋಗ್ತಾರಾ ಅಂಗಡಿಗೆ ಎಂದು ಅವಳು ಕೇಳಿದಳು. ಇಲ್ಲ. ಮತ್ತೆ ದಿನಕ್ಕೆ ಎಷ್ಟು ನಡೀತಾರೆ? ಈ ಪ್ರಶ್ನೆಗೆ ಅವನಲ್ಲಿ ಉತ್ತರ ಸಿದ್ಧವಿತ್ತು. ಊರಿನವರು ಕೇಳಿದಾಗಲೆಲ್ಲ ಹೇಳಿ ಹೇಳಿ ನುಣುಪಾದ ಉತ್ತರ. ಒಂದು ಹೆಜ್ಜೆ ಇಡ್ಲಿಕ್ಕೆ ಬಿಡುವುದಿಲ್ಲ ಡಾಕ್ಟ್ರೇ, ಮಸೀದಿಗೆ ಹೋಗ್ಲಿಕ್ಕೆ ಬಾಗಿಲಿಗೇ ಆಟೋ ಬರ್ತದೆ, ಅಲ್ಲಿ ನಮಾಝಿಗೆ ಕುರ್ಚಿ ಮಾಡಿಸಿದ್ದೇನೆ, ನೀರಿನ ಚೊಂಬು ಕೂಡ ನಾವೇ ಎತ್ತಿ ಕೊಡ್ತೇವೆ. ಅರ್ಧ ಹೇಳುವಾಗಲೇ ತನ್ನ ಸ್ವರ ಅವನಿಗೆ ಬೇರೆ ಯಾರದೋ ಸ್ವರದ ಹಾಗೆ ಕೇಳಿತು. ಆದರೂ ಮಾತು ನಿಲ್ಲಲಿಲ್ಲ, ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ ಹೋದ ಹಾಗೆ ಕೊನೆಯವರೆಗೂ ಹೋಯಿತು.

"ಹೀಗೆ ಕೂರಿಸ್ಲಿಕ್ಕೆ ಯಾರು ಹೇಳಿದ್ದು?" ಎಂದಳು ಡಾಕ್ಟರಮ್ಮ.

ಎರಡು ವರ್ಷದ ಹಿಂದೆ ಮಾವನಿಗೆ ಹಾರ್ಟ್ ಅಟ್ಯಾಕ್ ಆದಾಗ ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹಾಸಿಗೆಯ ಬುಡದಲ್ಲಿ ನಿಂತಿದ್ದರು. ಹೊರಗೆ ಜುಲೈಯ ಮಳೆ. ಮಾವ ಕಣ್ಣು ಮುಚ್ಚಿ ಮಲಗಿದ್ದರು, ಮೂಗಿನ ಕೊಳವೆ ಆಗಷ್ಟೇ ತೆಗೆದಿದ್ದರು. ಹೆಂಗಸರು ಕೆಳಗೆ ಕ್ಯಾಂಟೀನಿಗೆ ಹೋಗಿದ್ದರು. ಕೆಲವು ವಾರ ಪೂರ್ತಿ ರೆಸ್ಟ್ ಎಂದಿದ್ದರು ಆ ಡಾಕ್ಟರು. ಆಮೇಲೆ ಅಂಗಳದಲ್ಲಿ ಸ್ವಲ್ಪ ಸ್ವಲ್ಪ ನಡೆಸಿ. ದಿನಕ್ಕೆ ಒಂದಿಷ್ಟು ಹೆಚ್ಚಿಸಿ. ನಡೆದು ಅಭ್ಯಾಸ ಇರುವವರು, ಕೂರಿಸಿ ಹಾಕಬೇಡಿ, ಕೂತರೆ ಎದೆಯೂ ಹಾಳು ತಲೆಯೂ ಹಾಳು. ಮಳೆ ಬಿಟ್ಟ ಮೇಲೆ ಅಂಗಡಿಗೂ ಹೋಗಬಹುದು. ಇಮ್ತಿಯಾಝ್ ಆಯ್ತು ಡಾಕ್ಟ್ರೇ ಎಂದಿದ್ದ. ಎಲ್ಲ ಅರ್ಥವಾಗಿತ್ತು. ಅವನಷ್ಟು ಚೆನ್ನಾಗಿ ಯಾರಿಗೂ ಅರ್ಥವಾಗುವಂತಿರಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಹತ್ತು ದಿನದಿಂದ ಅಂಗಡಿಯ ಕೀಲಿ ಅವನ ಕಿಸೆಯಲ್ಲಿತ್ತು. ಆ ಹತ್ತು ದಿನ ಅವನು ಮರದ ಸ್ಟೂಲಿನಲ್ಲಿ ಕೂರಲಿಲ್ಲ. ಕಾಲೇಜಿನ ಹುಡುಗರಿಗೆ ಇಂಥ ಶೂ ಬೇಕು, ಇಂಥ ಬಣ್ಣ ಬೇಕು ಎಂದು ಮಾವನಿಗೆ ಹೇಳಿ ಬಾಯಿ ಮುಚ್ಚಿಸಿಕೊಂಡದ್ದನ್ನೆಲ್ಲ ತರಿಸಿಟ್ಟಿದ್ದ. ಓಣಿಯ ಬೇಕರಿಯವನು ಮೊದಲ ಸಲ ಅವನನ್ನು ಇಮ್ತಿಯಾಝಾಕ ಎಂದು ಗೌರವದಿಂದ ಕರೆದಿದ್ದ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಜಗಲಿಯ ತುಂಬ ಜನ. ಮಾವನನ್ನು ಈಸಿಚೇರಿನಲ್ಲಿ ಕೂರಿಸಿ ಆಗಿತ್ತು. ಮಸೀದಿ ಕಮಿಟಿಯ ಬದ್ರುದ್ದೀನ್, ಡಾಕ್ಟರ್ ಏನು ಹೇಳಿದ್ರು ಎಂದು ಕೇಳಿದ. ಬಾಗಿಲಲ್ಲಿ ಶಬ್ನಾ ನಿಂತಿದ್ದಳು, ಸೊಂಟದಲ್ಲಿ ಮಗು ಹನಾ. ಪರದೆಯ ಹಿಂದೆ ಅತ್ತೆಯ ಬಳೆಯ ಸದ್ದು. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಆ ಮನೆಯಲ್ಲಿ ಅಷ್ಟು ಜನ ಅವನ ಬಾಯಿ ನೋಡಿದ್ದು ನಿಖಾಹಿನ ದಿನದ ಮೇಲೆ ಅದೇ ಮೊದಲು. ಪೂರ್ತಿ ರೆಸ್ಟ್ ಹೇಳಿದ್ದಾರೆ ಎಂದ. ಸುಳ್ಳಲ್ಲ. ಉಳಿದದ್ದನ್ನೂ ಹೇಳುವವನಿದ್ದ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಅಳು ಕೇಳಿತು, ಬದ್ರುದ್ದೀನ್ ತಲೆಯಾಡಿಸಿ, ಹಾರ್ಟ್ ಅಂದ್ರೆ ಗಾಜು ಮಾರಾಯ, ಇನ್ನು ಅಲುಗಾಡಿಸ್ಲಿಕ್ಕಿಲ್ಲ ಎಂದ. ಮಾತು ಬೇರೆ ಕಡೆ ಹೋಯಿತು. ಮಾವ ಮಾತ್ರ ಅವನನ್ನು ಒಮ್ಮೆ ನೋಡಿದರು, ಆಮೇಲೆ ತನ್ನ ಪಾದಗಳನ್ನು ನೋಡಿಕೊಂಡರು. ನಾಳೆ ಹೇಳಿದರಾಯಿತು ಎಂದುಕೊಂಡ ಇಮ್ತಿಯಾಝ್. ಮಳೆ ಬಿಟ್ಟಿತು. ಇನ್ನೂ ಹೇಳಿರಲಿಲ್ಲ. ಒಂದು ದಿನ ತಡವಾದದ್ದನ್ನು ಮರೆವು ಎನ್ನಬಹುದು, ನಾಲ್ಕು ತಿಂಗಳು ತಡವಾದದ್ದಕ್ಕೆ ಬೇರೆ ಹೆಸರು ಉಂಟು. ಆ ಹೆಸರು ಬರಬಾರದೆಂದು ಅವನು ಸೇವೆ ಹೆಚ್ಚಿಸಿದ. ಆಟೋ ಗೊತ್ತು ಮಾಡಿದ. ಮಸೀದಿಗೆ ಕುರ್ಚಿ ತಂದ, ಹಿಡಿಕೆ ಇರುವಂಥದ್ದು. ಜುಮಾ ಮುಗಿದ ಮೇಲೆ ಎರಡು ಮೂರು ಮುದುಕರು ಅವನ ಭುಜ ತಟ್ಟಿ, ನಮ್ಮ ಮಕ್ಕಳೂ ಹೀಗೆ ನೋಡಿಕೊಳ್ಳಲಿ ಎಂದು ದುಆ ಮಾಡು ಎಂದರು.

"ಮಂಗಳೂರಿನಲ್ಲಿ ರೆಸ್ಟ್ ಅಂದಿದ್ರು," ಎಂದ ಈಗ ಡಾಕ್ಟರಮ್ಮನಿಗೆ.

"ಎರಡು ವರ್ಷ ರೆಸ್ಟಾ?" ಅವಳಿಗೆ ಸಿಟ್ಟು ಬಂದಂತಿತ್ತು, ಆದರೆ ಅವನ ಮೇಲಲ್ಲ, ಎಲ್ಲ ಮನೆಗಳ ಮೇಲೆ. ಇಲ್ಲಿಯವರು ಎಲ್ಲರೂ ಹೀಗೆಯೇ, ಹಾರ್ಟ್ ಎಂದ ಕೂಡಲೇ ಮನುಷ್ಯನನ್ನು ಪ್ರೀತಿಯಿಂದ ಕಟ್ಟಿಹಾಕುತ್ತಾರೆ ಎಂದಳು. ಎದೆ ಸರಿಯಾಗಿ ರಕ್ತ ತಳ್ಳದಿದ್ದರೆ ತಲೆಗೂ ಕಡಿಮೆ ಹೋಗುತ್ತದೆ, ಕಾಲು ಆಡಿದರೆ ಎದೆಗೂ ತಲೆಗೂ ಎರಡಕ್ಕೂ ಒಳ್ಳೆಯದು ಎಂದು ಕೈಯಲ್ಲಿ ಚಿತ್ರ ಬಿಡಿಸಿ ತೋರಿಸಿದಳು. ಅವನು, ಕೂತದ್ದರಿಂದಲೇ ಹೀಗಾದದ್ದಾ ಎಂದು ಕೇಳಿದ. ಹಾಗೆ ಹೇಳಲಿಕ್ಕಾಗುವುದಿಲ್ಲ, ಪ್ರಾಯ ಉಂಟು, ಸಕ್ಕರೆ ಕಾಯಿಲೆ ಉಂಟು, ನಡೆದಿದ್ದರೂ ಆಗುತ್ತಿತ್ತೋ ಏನೋ. ನಡೆದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲವೋ ಏನೋ ಎಂದಳು. ಆ ಎರಡು 'ಏನೋ'ಗಳ ನಡುವೆ ಅವನನ್ನು ಬಿಟ್ಟು ಔಷಧಿ ಬರೆಯತೊಡಗಿದಳು. ಇವತ್ತಿನಿಂದಲೇ ಸ್ವಲ್ಪ ಸ್ವಲ್ಪ ನಡೆಸಬೇಕು. ಎದೆ ನೋವು, ಬೆವರು, ಏದುಸಿರು ಬಂದರೆ ನಿಲ್ಲಿಸಬೇಕು. ಹೋದದ್ದು ತಿರುಗಿ ಬರುತ್ತದೆ ಎಂದು ಆಸೆ ಇಡುವುದು ಬೇಡ, ಇದ್ದದ್ದು ಉಳಿದರೆ ಸಾಕು. ಬಾಗಿಲವರೆಗೆ ಹೋದವರನ್ನು ಮತ್ತೆ ಕರೆದು ಹೇಳಿದಳು, ನಿಮ್ಮ ನಮಾಝಿನಲ್ಲಿ ನಿಲ್ಲುವುದು, ಬಗ್ಗುವುದು, ಏಳುವುದು ಉಂಟಲ್ಲ, ಅದು ಇವರಿಗೆ ಒಳ್ಳೆಯದು, ನಿಧಾನಕ್ಕೆ ಮಾಡಲಿ, ಆ ಕುರ್ಚಿ ತೆಗೀರಿ.

ಹೊರಗೆ ಬಿಸಿಲು ಜೋರಾಗಿತ್ತು. ಇಮ್ತಿಯಾಝ್ ಮಾವನಿಗೆ ಚಪ್ಪಲಿ ಹಾಕಿಸಿ, ಶೇಷಪ್ಪನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಹೋಗಿ ನಿಲ್ಲು, ನಾವು ನಡೆದು ಬರ್ತೇವೆ ಎಂದ. ಬ್ಯಾರಿಗಳು ನಡೀಲಿಕ್ಕುಂಟಾ ಎಂದು ಶೇಷಪ್ಪ ಬೀಡಿ ಕೆಳಗೆ ಹಾಕಿದ. ನಡೀಲಿಕ್ಕುಂಟು ಎಂದು ಇವನು ಗಟ್ಟಿಯಾಗಿ ಹೇಳಿದ. ದೂರವೇನೂ ಇರಲಿಲ್ಲ. ಮಾವ ಮೊದಲ ಹೆಜ್ಜೆಗಳನ್ನು ನೀರಿನಲ್ಲಿ ಇಳಿಯುವವರ ಹಾಗೆ ಇಟ್ಟರು. ಚಪ್ಪಲಿ ಟಾರಿನ ಮೇಲೆ ಉಜ್ಜಿ ಸದ್ದು ಮಾಡಿತು. ಕಾಲೇಜು ಬಿಡುವ ಹೊತ್ತು, ಎಲ್ಲೆಲ್ಲಿಂದಲೋ ಬಂದು ಹಾಸ್ಟೆಲಿನಲ್ಲಿರುವ ಹುಡುಗರು ಭುಜಕ್ಕೆ ಭುಜ ತಾಗಿಸಿ ನುಗ್ಗುತ್ತಿದ್ದರು. ಅವರ ನಡುವೆ ಈ ಮುದುಕ ಒಂದು ಬಸ್ಸು ಕೆಟ್ಟು ನಿಂತ ಹಾಗೆ ನಿಲ್ಲುವುದು, ಎಲ್ಲರೂ ಸುತ್ತಿ ಹೋಗುವುದು. ಇಮ್ತಿಯಾಝನ ಮನಸ್ಸು ಮನೆಗೆ ಓಡುತ್ತಿತ್ತು. ಶಬ್ನಾ ಬಾಗಿಲಲ್ಲಿ ಕಾಯುತ್ತಿರುತ್ತಾಳೆ. ಎಲ್ಲ ಕೇಳಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದಾಳೆ. ಹೊಸ ಡಾಕ್ಟರ್ ಹೊಸ ಕ್ರಮ ಹೇಳಿದ್ದಾರೆ ಎನ್ನಬಹುದು. ಮಂಗಳೂರಿನವರದು ಹಳೆಯ ಕ್ರಮ ಎನ್ನಬಹುದು. ಯಾರೂ ಮಂಗಳೂರಿಗೆ ಹೋಗಿ ಕೇಳುವುದಿಲ್ಲ. ಇಷ್ಟು ಸುಲಭವಾಗಿ ತಪ್ಪಿಸಿಕೊಳ್ಳಬಹುದು ಎಂದು ಹೊಳೆದಾಗ ಅವನಿಗೆ ಹಗುರವಾಯಿತು. ಹಗುರವಾದದ್ದು ಗೊತ್ತಾಗಿ ಅಸಹ್ಯವೂ ಆಯಿತು. ಆದರೂ ಹಗುರ ಹೋಗಲಿಲ್ಲ.

ಓಣಿಗೆ ತಿರುಗುವಲ್ಲಿ ಮಾವನ ಕಾಲು ತಾನಾಗಿ ತಿರುಗಿತು. ಅವನು ಹಿಡಿದ ತೋಳು ಅವನನ್ನೇ ಎಳೆದುಕೊಂಡು ಹೋಯಿತು. ಎರಡು ವರ್ಷ ಈ ಕಡೆ ಬಾರದ ಮನುಷ್ಯ ಗುಂಡಿ ಎಲ್ಲಿದೆ, ಚರಂಡಿಯ ಕಲ್ಲು ಎಲ್ಲಿ ಎದ್ದಿದೆ ಎಂದು ನೋಡದೆಯೇ ದಾಟಿ, ಮುಚ್ಚಿದ ಶಟರಿನ ಎದುರು ನಿಂತರು. ಆಸ್ಪತ್ರೆಗೆ ಹೋಗಲಿಕ್ಕುಂಟು ಎಂದು ಇಮ್ತಿಯಾಝ್ ಮಧ್ಯಾಹ್ನವೇ ಅಂಗಡಿ ಮುಚ್ಚಿದ್ದ. ಮೇಲೆ ಹೊಸ ಬೋರ್ಡು, ಒಳಗೆ ಗಾಜಿನ ಕಪಾಟು. ಮರದ ಸ್ಟೂಲನ್ನು ಗುಜರಿಯವನಿಗೆ ಕೊಟ್ಟಾಗಿತ್ತು. ಮಾವ ಬೋರ್ಡು ನೋಡಲಿಲ್ಲ. ಜುಬ್ಬದ ಕಿಸೆ ತಡವಿದರು, ಇನ್ನೊಂದು ಕಿಸೆ ತಡವಿದರು.

"ಕೀಲಿ ಮನೆಯಲ್ಲಿ ಬಾಕಿಯಾಯ್ತಾ?" ಎಂದರು.

ಇಮ್ತಿಯಾಝನ ಕೈ ಪ್ಯಾಂಟಿನ ಕಿಸೆಯೊಳಗೆ ಕೀಲಿಯನ್ನು ಮುಚ್ಚಿ ಹಿಡಿದಿತ್ತು. ತಾನು ಹಿಡಿದದ್ದಲ್ಲ, ಕೈಯೇ ಹಿಡಿದದ್ದು. ಅದನ್ನು ಬಿಡಿಸಿ ಹೊರಗೆ ತರುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಮಾವ ಕೀಲಿಗೊಂಚಲನ್ನು ಅಂಗೈಯಲ್ಲಿಟ್ಟು ತೂಗಿದರು. ಬಗ್ಗಿ ಬೀಗ ತೆಗೆಯುತ್ತಾರೆ ಎಂದು ಅವನು ಕಾದ. ಅವರು ಬಗ್ಗಲಿಲ್ಲ. ಅಳಿಯನ ಕಾಲುಗಳನ್ನು ನೋಡುತ್ತಾ, ಇವತ್ತಿನ ಹವೆಯ ಬಗ್ಗೆ ಮಾತಾಡುವ ಸ್ವರದಲ್ಲಿ ಹೇಳಿದರು:

"ಮಂಗಳೂರಿನ ಡಾಕ್ಟ್ರು ಕೂಡ ಇದನ್ನೇ ಹೇಳಿದ್ದು."

"ಏನು ಮಾಮ?"

"ನಡೀಬೇಕು ಅಂತ. ಮಳೆ ಬಿಟ್ಟ ಮೇಲೆ ಅಂಗಡಿಗೂ ಹೋಗ್ಬಹುದು ಅಂತ. ನಾನು ಕಣ್ಣು ಮುಚ್ಚಿದ್ದು. ಕಿವಿ ಕೇಳ್ತಿತ್ತು."

ಇವತ್ತು ಕ್ಲಿನಿಕ್ಕಿನಲ್ಲಿ ಕೇಳಿದ್ದನ್ನೇ ಮುದುಕ ಕಲಸಿಕೊಂಡು ಹೇಳುತ್ತಿದ್ದಾರೆ ಎಂದುಕೊಳ್ಳಲು ಇಮ್ತಿಯಾಝ್ ನೋಡಿದ. ಆಗಲಿಲ್ಲ. ಮಳೆಯ ಮಾತು ಇವತ್ತು ಯಾರೂ ಆಡಿರಲಿಲ್ಲ. ಓಣಿಯಲ್ಲಿ ಬೇಕರಿಯ ಬಿಸಿ ಬನ್ನಿನ ವಾಸನೆ. ಯಾರೋ ಅವನ ಹೆಸರು ಹಿಡಿದು ಕರೆದು, ಅಂಗಡಿ ತೆರೀಲಿಕ್ಕಿಲ್ವಾ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದರು.

"ಮತ್ತೆ ನೀವು ಯಾಕೆ ಹೇಳಲಿಲ್ಲ?"

"ಹೇಗೆ ಹೇಳುವುದು? ಅಳಿಯ ಹೇಳಿ ಆಗಿತ್ತು. ಜಗಲಿ ತುಂಬ ಜನ, ನನ್ನ ಮಗಳು ಬಾಗಿಲಲ್ಲಿ ನಿಂತಿದ್ದಳು. ಪುದಿಯಾಪ್ಳೆಯ ಮಾತನ್ನು ಅವಳ ಎದುರು ತೆಗೆದುಹಾಕ್ಲಿಕ್ಕಾಗ್ತದಾ?" ಅವರು ಕೀಲಿಯನ್ನು ಅವನ ಕೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದರು. "ಇದು ನಿಮ್ಮ ಹತ್ತಿರವೇ ಇರಲಿ. ಸುಮ್ಮನೆ ಕೂತ ಗಂಡಸಿಗೆ ಮೀನು ಗಂಟಲಲ್ಲಿ ಇಳಿಯುವುದಿಲ್ಲ. ನಾನು ನೋಡ್ತಿದ್ದೆ."

ಮನೆಯಲ್ಲಿ ಸುಮ್ಮನೆ ಕೂರುವ ಗಂಡಸು ಒಬ್ಬನೇ ಇರಲಿ, ಅದು ನಾನೇ ಆಗಲಿ ಎಂದು ಇವರು ಲೆಕ್ಕ ಹಾಕಿದ್ದರೇ? ಈಸಿಚೇರಿನಲ್ಲಿ ಕೂತು, ಆಟೋದಲ್ಲಿ ಕೂತು, ಅಲ್ಲಾಹನ ಎದುರಿನಲ್ಲಿ ಕೂಡ ಕುರ್ಚಿಯಲ್ಲಿ ಕೂತು, ಗದ್ದೆ ದಾಟುತ್ತಿದ್ದ ಕಾಲುಗಳು ಕರಗುವುದನ್ನು ನೋಡುತ್ತಾ. ಮೊದಮೊದಲು ತಿಳಿದೇ ಕೂತದ್ದು. ಆಮೇಲೆ ಯಾಕೆ ಕೂತೆ ಎಂಬುದೇ ಮರೆಯಿತು. ಇಮ್ತಿಯಾಝನಿಗೆ ಎಷ್ಟೋ ಕೇಳಬೇಕಾಗಿತ್ತು. ಸಿಟ್ಟು ಬರಲಿಲ್ಲವಾ, ಅತ್ತೆಗೆ ಗೊತ್ತುಂಟಾ, ನನ್ನನ್ನು ಏನೆಂದುಕೊಂಡಿರಿ. ಮಾಮ, ಎಂದ. ಮಾವ ಅವನ ಮುಖ ನೋಡಿದರು. ಆ ಕಣ್ಣುಗಳಲ್ಲಿ ಈಗಷ್ಟೇ ಇದ್ದವರು ಎದ್ದು ಹೋಗಿ ಆಗಿತ್ತು.

"ಈಗ ಯಾವ ನಮಾಝಿನ ವಕ್ತ್? ಮಧ್ಯಾಹ್ನದ ಲುಹರಾ?" ಎಂದು ಕೇಳಿದರು. "ಮನೆಗೆ ಹೋಗುವ. ಉಮ್ಮ ಕಾಯ್ತಾರೆ." ಅವರ ತಾಯಿ ತೀರಿಹೋಗಿ ಮೂವತ್ತು ವರ್ಷದ ಮೇಲಾಗಿತ್ತು.

ಶೇಷಪ್ಪನ ಆಟೋ ಪುತ್ತಿಗೆಯ ಮಸೀದಿಯ ತಿರುವಿನಲ್ಲಿ ನಿಂತಾಗ ಇಳಿಹೊತ್ತಿನ ಅಸರ್ ನಮಾಝಿನ ಬಾಂಗ್ ಆಗಿತ್ತು. ಗೇಟಿನವರೆಗೆ ಹೋಗುವುದು ಬೇಡ ಎಂದು ಇಮ್ತಿಯಾಝ್ ಅಲ್ಲೇ ಇಳಿಸಿದ. ಮಾವ ಸಣ್ಣ ಏರು ಹತ್ತಿ, ಒಮ್ಮೆ ನಿಂತು, ಮತ್ತೆ ಹತ್ತಿದರು. ಕೈಕಾಲು ತೊಳೆಯುವಾಗ ಯಾವ ಕೈ ಮೊದಲು ಎಂಬುದು ತಪ್ಪಲಿಲ್ಲ. ಒಳಗೆ ಸಾಲಿನ ಕೊನೆಯಲ್ಲಿ ಕುರ್ಚಿ ಇತ್ತು, ಹಿಡಿಕೆಯ ಮೇಲೆ ಅವರ ಕೈಯ ಎಣ್ಣೆಗಪ್ಪು. ಇಮ್ತಿಯಾಝ್ ಅದನ್ನು ಎತ್ತಿ ಹಿಂದಿನ ಗೋಡೆಗೆ ತಾಗಿಸಿಟ್ಟ. ಮಾವನನ್ನು ಸಾಲಿನ ನಡುವೆ, ತನ್ನ ಬಲಕ್ಕೆ ನಿಲ್ಲಿಸಿಕೊಂಡ. ಪಕ್ಕದವರು ಸ್ವಲ್ಪ ಸರಿದು ಜಾಗ ಕೊಟ್ಟರು. ನಮಾಝ್ ಮಾಡಿಸುವ ಉಸ್ತಾದ್ ಕೈ ಎತ್ತಿದರು.

ಮಾವ ಕೈ ಎತ್ತಲಿಲ್ಲ. ಎಲ್ಲರ ಕೈ ಕಟ್ಟಿ ಆದ ಮೇಲೆ ತಲೆ ತಿರುಗಿಸಿ ಇಮ್ತಿಯಾಝನನ್ನು ನೋಡಿದರು, ಆಮೇಲೆ ಅವನ ಹಾಗೆಯೇ ಕೈ ಕಟ್ಟಿದರು. ಅವನು ಬಗ್ಗಿದಾಗ ನೋಡಿ ಬಗ್ಗಿದರು. ಅವನು ನೆಟ್ಟಗಾದಾಗ ನೋಡಿ ನೆಟ್ಟಗಾದರು. ಇಮ್ತಿಯಾಝ್ ಎ‍ಷ್ಟೋ ವರ್ಷಗಳಿಂದ ನಮಾಝ್ ಮಾಡುತ್ತಿದ್ದದ್ದು ಜನರು ನೋಡಲಿ ಎಂದೋ, ಅಂಗಡಿಯ ಲೆಕ್ಕ ಯೋಚಿಸುತ್ತಲೋ, ಹೇಗೋ. ಇವತ್ತು ಒಬ್ಬ ಮನುಷ್ಯ ತನ್ನ ಬೆನ್ನಿನ ಬಾಗು, ಕೈಯ ಜಾಗ, ಎಲ್ಲವನ್ನೂ ಮಗು ಅಕ್ಷರ ತಿದ್ದುವ ಹಾಗೆ ತಿದ್ದುತ್ತಿದ್ದಾರೆ. ತನ್ನಂಥವನನ್ನು. ಅವನು ಹೆದರಿ ಹೆದರಿ ಸರಿಯಾಗಿ ಮಾಡಿದ. ನೆಲಕ್ಕೆ ಹಣೆ ಇಡುವಾಗ ಮಾವ ಮೊದಲು ಒಂದು ಕೈ ಊರಿ, ಮೊಣಕಾಲು ಊರಿ, ನಿಧಾನಕ್ಕೆ ಇಳಿದರು. ಹಣೆ ಚಾಪೆಗೆ ತಾಗಿದಾಗ ಅವರ ಗಂಟಲಿನಿಂದ ಒಂದು ಸದ್ದು ಬಂತು, ತಲೆಯ ಹೊರೆ ಇಳಿಸಿದವರು ಮಾಡುವ ಸದ್ದು. ಎಲ್ಲರೂ ಎದ್ದರು. ಮಾವ ಏಳಲಿಲ್ಲ. ಹಣೆ ನೆಲದಲ್ಲಿರುವಾಗ ಪಕ್ಕದವನು ಕಾಣುವುದಿಲ್ಲ ಎಂದು ಇಮ್ತಿಯಾಝನಿಗೆ ಆಗ ಹೊಳೆಯಿತು. ಅರ್ಧ ಎದ್ದವನು ಆ ಬೆನ್ನನ್ನು ನೋಡಿದ. ಉಸಿರು ಏರಿ ಇಳಿಯುತ್ತಿತ್ತು. ಬಗ್ಗಿ ಭುಜ ಮುಟ್ಟಿದ. ಮಾವ ಎದ್ದರು. ಪ್ರತಿ ಸಲವೂ ಮುಟ್ಟಿದ, ಪ್ರತಿ ಸಲವೂ ಎದ್ದರು. ಕೊನೆಗೆ ಸಲಾಂ ಹೇಳಲು ಮುಖ ಬಲಕ್ಕೆ ತಿರುಗಿಸಿದಾಗ ಮಾವನ ಮುಖ ಅವನ ಕಡೆಗೇ ಇತ್ತು. ಬೆವರಿತ್ತು, ಸಣ್ಣ ಬೆವರು, ನಡೆದವರ ಬೆವರು. ಗದ್ದೆಯ ಹುಣಿಯಲ್ಲಿ ತಿರುಗಿ ನೋಡದೆ ಹೋಗುತ್ತಿದ್ದ ಆ ಮನುಷ್ಯನ ಮುಖ ಎದುರಿನಿಂದ ಹೇಗಿದ್ದಿರಬಹುದೋ ಹಾಗೆ. ನಾಳೆ ಸುಬಹಿಗೆ ಕರೆದುಕೊಂಡು ಬರಬೇಕು, ಆಟೋ ಬೇಡ, ಮನೆಯಿಂದಲೇ, ಎಂದುಕೊಂಡ.

ದುಆ ಮುಗಿಯುವುದಕ್ಕೂ ಬದ್ರುದ್ದೀನ್ ಹಿಂದಿನಿಂದ ಕುರ್ಚಿ ಎತ್ತಿಕೊಂಡು ಬರುವುದಕ್ಕೂ ಸರಿಯಾಯಿತು. ತಡವಾಗಿ ಬಂದು ಕೊನೆಯ ಸಾಲಿನಲ್ಲಿ ನಿಂತು ಎಲ್ಲ ನೋಡಿದ್ದ. ಅವನಿಗೆ ಸಿಟ್ಟಿಗಿಂತ ಗಾಬರಿ ಹೆಚ್ಚಾಗಿತ್ತು. ಹಾರ್ಟಿನವರನ್ನು ನೆಲಕ್ಕೆ ಬಗ್ಗಿಸಿದ್ದಾ, ಏನಾದರೂ ಆಗಿದ್ದರೆ ನಿಮ್ಮ ಅತ್ತೆ ಸೈನಬತ್ತಾಗೆ ಯಾರು ಜವಾಬು ಹೇಳುವುದು, ಇಷ್ಟು ದಿನ ಇಷ್ಟು ಚಂದ ನೋಡಿಕೊಂಡವರು ನೀವು, ಇವತ್ತು ನಿಮಗೆ ಏನಾಯ್ತು ಎಂದ. ನಾಲ್ಕೈದು ಜನ ಸುತ್ತ ನಿಂತರು. ಭುಜ ತಟ್ಟಿದ ಮುದುಕರೂ ಇದ್ದರು. ಕುರ್ಚಿ ಮಾವನ ಹಿಂದೆ ಬಂದು ನಿಂತಿತು.

"ಡಾಕ್ಟರ್ ಏನು ಹೇಳಿದ್ದು?" ಎಂದು ಕೇಳಿದ ಬದ್ರುದ್ದೀನ್.

ಅದೇ ಪ್ರಶ್ನೆ, ಅದೇ ಬಾಯಿಯಿಂದ. ಎಲ್ಲರೂ ಇಮ್ತಿಯಾಝನ ಬಾಯಿ ನೋಡುತ್ತಿದ್ದರು. ಯಾವ ಡಾಕ್ಟರ್ ಎಂದು ಕೇಳಬೇಕೆನಿಸಿತು. ಇಬ್ಬರೂ ಹೇಳಿದ್ದು ಒಂದೇ, ಮೊದಲನೆಯವರು ಹೇಳಿದ್ದನ್ನು ನಾನು ಅರ್ಧ ನುಂಗಿದೆ, ಇವರು ಅದನ್ನು ತಿಳಿದೂ ಕೂತರು, ನನಗಾಗಿ ಕೂತರು. ಮಾತು ಈ ಸಲ ಪೂರ್ತಿ ಗಂಟಲಿಗೆ ಬಂದಿತ್ತು. ಅವನು ತುಟಿ ತೆರೆದ.

ಮಾವ ಅವನನ್ನು ಒಮ್ಮೆ ನೋಡಿದರು, ಜಗಲಿಯಲ್ಲಿ ನೋಡಿದ ಹಾಗೆಯೇ. ಆಮೇಲೆ ಸುತ್ತ ನಿಂತವರನ್ನು ನೋಡಿದರು. ಯಾವುದೋ ಒಂದು ಮರ್ಯಾದೆ ಕಾಪಾಡಬೇಕಾಗಿದೆ ಎಂಬುದಷ್ಟು ಆ ತಲೆಯಲ್ಲಿ ಉಳಿದಿತ್ತು. ಯಾರದು, ಯಾಕೆ ಎಂಬುದು ಹೋಗಿತ್ತು. ಅವರು ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಕುರ್ಚಿಯಲ್ಲಿ ಕೂತರು. ಪಾದಗಳನ್ನು ಒಂದಕ್ಕೊಂದು ತಾಗಿಸಿ ಚೆನ್ನಾಗಿ ಇಟ್ಟುಕೊಂಡರು. ಬದ್ರುದ್ದೀನ್, ಹಾಂ, ಹಾಗೆ, ಎಂದು ಅವರ ಬೆನ್ನು ಸವರಿದ, ಜನ ಚದುರಿದರು. ಹೇಳಬೇಕಾದದ್ದನ್ನು ಕೇಳಲಿಕ್ಕೆ ಅಲ್ಲಿ ಈಗ ಮಾವ ಒಬ್ಬರೇ ಉಳಿದಿದ್ದರು. ಅವರ ಹಣೆಯ ಮೇಲೆ ಚಾಪೆಯ ಹೆಣಿಗೆಯ ಗುರುತು ಕೆಂಪಗೆ ಮೂಡಿತ್ತು. ಇಮ್ತಿಯಾಝ್ ನೋಡುತ್ತಾ ನಿಂತ ಹಾಗೆ ಅದು ಮಾಸುತ್ತಾ ಬಂತು.